ವಾರಕ್ಕೆ ಎರಡೇ ಗಂಟೆ: ಸ್ವಯಂಸೇವೆಗೆ ಅಷ್ಟು ಸಾಕೇ?

ಪ್ರಶ್ನೆ: ಕೆಲಸ, ಸಂಸಾರ ಎಲ್ಲ ಕಳೆದು ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಸ್ವಯಂಸೇವೆ ಮಾಡಿದರೆ ಯಾರಿಗಾದರೂ ಉಪಯೋಗವಾದೀತೇ? ಇದರಿಂದ ನನಗೇನು ಸಿಗುತ್ತದೆ ಎಂದು ಕೇಳುವುದು ಸ್ವಾರ್ಥವೇ?

ಉತ್ತರ: ಎರಡು ಗಂಟೆ ಧಾರಾಳವಾಯಿತು. ಆದರೆ ವಾರ ವಾರವೂ ತಪ್ಪದೆ ಬರಬೇಕು.

ಓದಲು ತಡವರಿಸುವ ಮಗುವಿನ ಪಕ್ಕ ಕೂರುವ ಕೆಲಸವನ್ನೇ ನೋಡಿ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿರುವ ಮಗು ಒಂದು ಒತ್ತಕ್ಷರದ ಹತ್ತಿರ ನಿಂತುಬಿಡುತ್ತದೆ. ತುಂಬಿದ ತರಗತಿಯಲ್ಲಿ ಅಲ್ಲಿ ಕಾಯಲು ಶಿಕ್ಷಕರಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಇನ್ಯಾರೋ ಉತ್ತರ ಕೂಗಿಯಾಗಿರುತ್ತದೆ. ನೀವು ಕಾಯಬಲ್ಲಿರಿ. ಬಾಯಿ ಹಾಕದೆ, ಗಡಿಯಾರ ನೋಡದೆ ಕಾಯುವುದೇ ಅಲ್ಲಿ ಅರ್ಧ ಕೆಲಸ. ಮೊದಮೊದಲು ತಪ್ಪಾದೀತೆಂಬ ಹೆದರಿಕೆಗೆ ಮಗು ದನಿಯನ್ನೇ ಎತ್ತುವುದಿಲ್ಲ. ಮುಖ ಪರಿಚಯವಾದ ಮೇಲೆ ತಪ್ಪಾಗಿ ಓದುವ ಧೈರ್ಯ ಬರುತ್ತದೆ, ಕಲಿಕೆ ಕುದುರುವುದು ಆಮೇಲೆ. ಎರಡು ವಾರ ಬಂದು ಮೂರನೆಯ ವಾರ ನಾಪತ್ತೆಯಾಗುವವರು ಬಾರದೇ ಇದ್ದರೇ ವಾಸಿ. ಒಂದು ದಿನ ಬಂದು ಫೋಟೊ ತೆಗೆಸಿಕೊಂಡು ಹೋಗುವ ಸೇವೆಯ ಬಗ್ಗೆ ನನ್ನ ತಕರಾರೂ ಇದೇ. (ನೆರೆ, ಭೂಕಂಪದ ಮಾತು ಬೇರೆ, ಆಗ ಎಷ್ಟು ಕೈಗಳಿದ್ದರೂ ಸಾಲದು.)

ಇನ್ನು ನಿಮ್ಮ ಲಾಭ. ಅಮೆರಿಕದಲ್ಲಿ 50 ವರ್ಷ ದಾಟಿದ ಸುಮಾರು 13,000 ಜನರ ಮಾಹಿತಿ ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಕನಿಷ್ಠ 100 ಗಂಟೆ, ಅಂದರೆ ಹೆಚ್ಚುಕಡಿಮೆ ನಿಮ್ಮ ಎರಡು ಗಂಟೆಯ ಲೆಕ್ಕವೇ, ಸೇವೆ ಮಾಡಿದವರಲ್ಲಿ ಸಾವಿನ ಪ್ರಮಾಣವೂ ಒಂಟಿತನವೂ ಕಡಿಮೆಯಿದ್ದವು. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್‌ಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಗಟ್ಟಿಮುಟ್ಟಾದವರೇ ಸೇವೆಗೆ ಮುಂದೆ ಬರುತ್ತಾರೆ ಎಂಬ ಅನುಮಾನವೂ ಇಂಥ ಅಧ್ಯಯನಗಳ ಬೆನ್ನಿಗೆ ಇದ್ದೇ ಇದೆ. ಹಾಗಾಗಿ ಇದನ್ನು ಔಷಧಿ ಎಂದುಕೊಳ್ಳಬೇಡಿ.

ಸ್ವಾರ್ಥದ ಪ್ರಶ್ನೆಗೆ 2012ರ ಇನ್ನೊಂದು ಅಧ್ಯಯನ ತಮಾಷೆಯ ಉತ್ತರ ಕೊಡುತ್ತದೆ. ಇತರರಿಗಾಗಿ ಸೇವೆಗೆ ಇಳಿದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು; ಮುಖ್ಯವಾಗಿ ತಮ್ಮ ಲಾಭಕ್ಕೆಂದೇ ಹೋದವರಿಗೂ ಸೇವೆಯನ್ನೇ ಮಾಡದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನೀವು ಕೇಳಿದ್ದರಲ್ಲಿ ತಪ್ಪಿಲ್ಲ. ಹೋದ ಮೇಲೆ ಲೆಕ್ಕ ಇಡುತ್ತಾ ಕೂರಬೇಡಿ, ಅಷ್ಟೇ.

ಸೇರುವ ಮುನ್ನ ಸಂಸ್ಥೆಯವರನ್ನು ಕೇಳಿ: ನನಗೆ ಕೆಲಸ ಹೇಳಿಕೊಡುವವರು ಯಾರು? ನಾನು ಬಾರದ ದಿನ ಏನು ವ್ಯವಸ್ಥೆ? ಮಕ್ಕಳ ನಡುವಿನ ಕೆಲಸವಾದರೆ ಅವರೇ ನಿಮ್ಮ ಪೂರ್ವಾಪರ ವಿಚಾರಿಸಬೇಕು. ಏನನ್ನೂ ಕೇಳದೆ ಮಕ್ಕಳನ್ನು ಒಪ್ಪಿಸುವ ಕಡೆ ಹೋಗಬೇಡಿ.