ಟವೆಲ್ ಹಾಕಿದ ಸೀಟು

ಮದುಮಗಳ ಮುಖ ಗಲ್ಲದವರೆಗೆ ಸರಿಯಾಗಿತ್ತು. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಪಕ್ಕದ ಫೋಟೋ ಪೂರ್ತಿ ಇತ್ತು, ಆದರೆ ಮೂಲೆಯಲ್ಲಿ ತೆಳುವಾಗಿ ಕಾಣಬೇಕಿದ್ದ ಸ್ಟುಡಿಯೋದ ಹೆಸರು ಎರಡು ಸಲ ಅಚ್ಚಾಗಿ ದಪ್ಪಗೆ ಕೂತಿತ್ತು. ಉಡುಪಿಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ನನ್ನನ್ನು ಕರೆಸುವ ಹೊತ್ತಿಗೆ ಕಂಪ್ಯೂಟರಿನ ಮೇಲೆ ಆಗಲೇ ಒಂದು ನಿಂಬೆಹಣ್ಣು ಬಂದಿತ್ತು. "ಗಂಟೆ ಹೊಡೆಯುವಾಗ ಮಾತ್ರ ಹೀಗಾಗ್ತದೆ ಮಾರಾಯಾ. ಹನ್ನೊಂದಕ್ಕೆ, ಹನ್ನೆರಡಕ್ಕೆ. ಏನೋ ಉಂಟು" ಅಂದ.

ಏನೋ ಇದ್ದದ್ದು ನಿಜ. ಆದರೆ ಅದು ದೃಷ್ಟಿಯಲ್ಲ, ನಾನು ಬರೆದುಕೊಟ್ಟ ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಆಜ್ಞೆ ಬರೆದಿಟ್ಟ ಫೈಲು.

ಹೇಳಿದ ಹೊತ್ತಿಗೆ ಕೆಲಸ ಎಬ್ಬಿಸುವ ಕ್ರಾನ್‌ನಲ್ಲಿ ಎರಡು ಸಾಲು ಹಾಕಿದ್ದೆ. ಒಂದು ಐದು ನಿಮಿಷಕ್ಕೊಮ್ಮೆ ಏಳುತ್ತದೆ, ಹೊಸ ಫೋಟೋಗಳ ಮೇಲೆ ಹೆಸರು ಒತ್ತುತ್ತದೆ. ಇನ್ನೊಂದು ಗಂಟೆಗೊಮ್ಮೆ ಎದ್ದು, ಬಿಟ್ಟುಹೋದವನ್ನು ಹುಡುಕಿ ಒತ್ತುತ್ತದೆ. ಗಂಟೆಯ ಸೊನ್ನೆ ನಿಮಿಷಕ್ಕೆ ಎರಡೂ ಒಟ್ಟಿಗೆ ಏಳುತ್ತವೆ. ಒಂದೇ ಫೋಲ್ಡರು, ಒಂದೇ ಫೋಟೋ. ಒಬ್ಬ ಅರ್ಧ ಬರೆದಿರುವಾಗ ಇನ್ನೊಬ್ಬ ಅದನ್ನೇ ತೆರೆದು ಓದುತ್ತಾನೆ. ಸಿಕ್ಕಿದಷ್ಟೇ ಚಿತ್ರ, ಉಳಿದದ್ದು ಬೂದು.

ಬೀಗ ಹಾಕಿರಲಿಲ್ಲವೇ ಅಂದರೆ, ಹಾಕಿದ್ದೆ! ಸ್ಕ್ರಿಪ್ಟು ಮೊದಲು 'ಲಾಕ್' ಅನ್ನುವ ಫೈಲು ಇದೆಯಾ ಅಂತ ನೋಡುತ್ತದೆ. ಇದ್ದರೆ ವಾಪಸ್ಸು ಹೋಗುತ್ತದೆ. ಇಲ್ಲದಿದ್ದರೆ ಆ ಫೈಲನ್ನು ಮಾಡಿಟ್ಟು ಕೆಲಸ ಶುರುಮಾಡುತ್ತದೆ. ಸರಿಯಾಗಿಯೇ ಇದೆ, ಅಲ್ವಾ?

ಸಂಜೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದವರಿಗೆ ಇದರ ತೊಂದರೆ ಬೇಗ ಗೊತ್ತಾಗುತ್ತದೆ. ಮುಂದಿನ ಬಾಗಿಲಲ್ಲಿ ಹತ್ತಿದವನಿಗೆ ನಡುವಿನ ಸೀಟು ಖಾಲಿ ಕಾಣುತ್ತದೆ. ಹಿಂದಿನ ಬಾಗಿಲಲ್ಲಿ ಹತ್ತಿದವನಿಗೂ ಅದೇ ಸೀಟು ಖಾಲಿ ಕಾಣುತ್ತದೆ. ಇಬ್ಬರೂ ಕಂಡದ್ದು ಸತ್ಯವೇ. ನೋಡಿದ್ದಕ್ಕೂ ಕೂತದ್ದಕ್ಕೂ ನಡುವೆ ನಾಲ್ಕು ಹೆಜ್ಜೆ ಇವೆಯಲ್ಲ, ಜಗಳ ಹುಟ್ಟುವುದು ಆ ನಾಲ್ಕು ಹೆಜ್ಜೆಯಲ್ಲಿ.

ಕಂಪ್ಯೂಟರಿನಲ್ಲಿ ಈ ಹೆಜ್ಜೆಗಳು ಎಷ್ಟು ದೊಡ್ಡವು? ಫೈಲು ಇದೆಯೋ ಇಲ್ಲವೋ ಅಂತ, ಸ್ಕ್ರಿಪ್ಟಿನ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ತಾನೇ ನೋಡುತ್ತದೆ. ಮಾಡಲಿಕ್ಕೆ ಮಾತ್ರ 'ಟಚ್' ಎಂಬ ಬೇರೆ ಪ್ರೋಗ್ರಾಮನ್ನು ಕರೆಯುತ್ತದೆ. ಅದು ಹುಟ್ಟಬೇಕು, ಮೆಮೊರಿಗೆ ಬರಬೇಕು, ತನ್ನ ಸರದಿ ಕಾಯಬೇಕು. ಇದಕ್ಕೆಲ್ಲ ಒಂದೇ ಮಿಲಿಸೆಕೆಂಡು ಹಿಡಿಯಿತು ಅಂತಿಟ್ಟುಕೊಳ್ಳಿ. 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ 30 ಲಕ್ಷ ಸಲ ಮಿಡಿದಿರುತ್ತದೆ. ಇನ್ನೊಂದು ಸ್ಕ್ರಿಪ್ಟು ಬಂದು ನೋಡಿ, 'ಖಾಲಿ ಇದೆ' ಅಂತ ತೀರ್ಮಾನಿಸಲಿಕ್ಕೆ ಅದು ಧಾರಾಳವಾಯಿತು.

ಇಂಥ ಕಡೆ ಕೆಲವರು 'ಸ್ಲೀಪ್ 5' ಅಂತ ಒಂದು ಸಾಲು ಸೇರಿಸುತ್ತಾರೆ. ಐದು ಸೆಕೆಂಡು ಸುಮ್ನೆ ಮಲಗು, ಆಮೇಲೆ ಎಲ್ಲ ಸರಿಹೋಗುತ್ತದೆ ಅಂತ. ನನ್ನನ್ನು ಕೇಳಿದರೆ ಇದು ನಮ್ಮ ಕಸುಬಿನವರ ನಿಂಬೆಹಣ್ಣು. ಎರಡೂ ಸ್ಕ್ರಿಪ್ಟುಗಳು ಐದೈದು ಸೆಕೆಂಡು ಮಲಗಿ ಒಟ್ಟಿಗೇ ಏಳುತ್ತವೆ, ಅಷ್ಟೇ. ಗೆಳೆಯನ ನಿಂಬೆಹಣ್ಣಿಂದ ಕೊನೇಪಕ್ಷ ಶರಬತ್ತಾದರೂ ಮಾಡಬಹುದು.

ಸಮಸ್ಯೆ ಹಳೆಯದು. ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲಿ ಇದರ ಮೇಲೆ ಒಂದೇ ಪುಟದ ಲೇಖನ ಬರೆದ. ಇಂಥದ್ದಕ್ಕಾಗಿ ಅವನೇ ಮಾಡಿದ ಇನ್ನೊಂದು ಉಪಾಯಕ್ಕೆ 'ಸೆಮಾಫೋರ್' ಅಂತ ಹೆಸರಿಟ್ಟ. ರೈಲ್ವೆಯ ಕೈಮರವೇ ಅದು. ರೈಲಿನವರು ಈ ಪಾಠವನ್ನು ಅದಕ್ಕೂ ಮೊದಲೇ ರಕ್ತ ಕೊಟ್ಟು ಕಲಿತಿದ್ದರು. 1874ರಲ್ಲಿ ಇಂಗ್ಲೆಂಡಿನ ಥಾರ್ಪ್ ಎಂಬಲ್ಲಿ ತಂತಿ ಸಂದೇಶದ ಗೊಂದಲದಿಂದ ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ರೈಲು ಬಿಟ್ಟರು. 25 ಜನ ಸತ್ತರು. ಆಮೇಲೆ ಎಡ್ವರ್ಡ್ ಟೈಯರ್ ಒಂದು ಯಂತ್ರ ಮಾಡಿದ. ಎರಡು ಸ್ಟೇಷನ್ನುಗಳಲ್ಲಿ ಎರಡು ಪೆಟ್ಟಿಗೆ, ನಡುವೆ ವಿದ್ಯುತ್ ತಂತಿ. ಒಂದು ಬಿಲ್ಲೆ ಹೊರಗೆ ಬಂತು ಅಂದರೆ, ಅದು ಒಳಗೆ ಹೋಗುವ ತನಕ ಯಾವ ಕಡೆಯಿಂದಲೂ ಇನ್ನೊಂದು ಬಿಲ್ಲೆ ಬರುವುದಿಲ್ಲ. ನಮ್ಮ ದೇಶದ ಒಂಟಿ ಹಳಿಗಳಲ್ಲಿ ಬಿಲ್ಲೆಯ ಬದಲು ಲೋಹದ ಚೆಂಡು ಬಂತು. ಬಳೆಯಂಥ ದೊಡ್ಡ ರಿಂಗಿಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಡ್ರೈವರಿನ ಕೈಗೆ ಕೊಡುತ್ತಿದ್ದರು. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಹತ್ತುವ, 57 ಸುರಂಗಗಳ ಘಾಟಿ ನೆನಪಿಸಿಕೊಳ್ಳಿ. ಅಂಥ ಒಂಟಿ ಹಳಿಯಲ್ಲಿ ಕಿಟಕಿಯಿಂದ ಬಗ್ಗಿ 'ಯಾರಾದರೂ ಬರುತ್ತಿದ್ದಾರಾ' ಅಂತ ನೋಡುವುದು ಲೆಕ್ಕಕ್ಕಿಲ್ಲ. ಚೆಂಡು ಕೈಗೆ ಬಂದರೆ ಹಳಿ ನಿನ್ನದು, ಬರದಿದ್ದರೆ ಇಲ್ಲ. ನೋಡುವುದೂ ಹಿಡಿಯುವುದೂ ಒಂದೇ ಏಟಿಗೆ.

ಶೆಲ್ಲಿನಲ್ಲಿ ಆ ಚೆಂಡಿನ ಕೆಲಸವನ್ನು, ಹೊಸ ಫೋಲ್ಡರ್ ಮಾಡುವ 'ಎಂಕೆಡಿರ್' ಮಾಡುತ್ತದೆ. ಅದೂ ಹೊರಗಿನ ಪ್ರೋಗ್ರಾಮೇ, ಹುಟ್ಟಲಿಕ್ಕೆ ಅದಕ್ಕೂ ಹೊತ್ತು ಬೇಕು. ಆದರೆ ಅದು ಮೊದಲೇ ನೋಡಿಟ್ಟುಕೊಳ್ಳುವುದಿಲ್ಲ. ಸೀದಾ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಹತ್ತಿರ ಹೋಗಿ 'ಈ ಹೆಸರಿನ ಫೋಲ್ಡರ್ ಮಾಡು' ಅನ್ನುತ್ತದೆ. ಆಗಲೇ ಇದ್ದರೆ ಬೈಗುಳ ಸಿಗುತ್ತದೆ. ಇಬ್ಬರು ಒಟ್ಟಿಗೆ ಕೇಳಿದರೆ ಒಬ್ಬನಿಗೇ ಸಿಗುತ್ತದೆ. ಒಂದು ಸಾಲು ಬದಲಿಸಿದೆ. ಮೇ ತಿಂಗಳ ಮದುವೆಗಳೆಲ್ಲ ಸುಸೂತ್ರ ಮುಗಿದವು.

ಜೂನ್ ಬಂತು. ಮಳೆ, ಸಿಡಿಲು, ಕರೆಂಟು ಹೋಯಿತು. ವಾಪಸ್ಸು ಬಂದ ಮೇಲೆ ಎರಡು ದಿನ ಒಂದು ಫೋಟೋವೂ ಮುಗಿಯಲಿಲ್ಲ. ಸ್ಕ್ರಿಪ್ಟು ಐದು ನಿಮಿಷಕ್ಕೊಮ್ಮೆ ನಿಯತ್ತಾಗಿ ಬರುತ್ತಿತ್ತು. ಕರೆಂಟು ಹೋಗುವ ಮೊದಲು ತಾನೇ ಮಾಡಿಟ್ಟ ಬೀಗದ ಫೋಲ್ಡರನ್ನು ಕಂಡು, ಯಾರೋ ಒಳಗಿದ್ದಾರೆ ಅಂತ ವಾಪಸ್ಸು ಹೋಗುತ್ತಿತ್ತು.

ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗಾಯಿತು ಇದು. ಎಸೆದವನು ಪಡುಬಿದ್ರಿಯಲ್ಲಿ ಇಳಿದುಹೋದ, ಟವೆಲ್ಲು ಸೀಟು ಹಿಡಿದುಕೊಂಡು ಉಡುಪಿಯವರೆಗೆ ಬಂತು. ಹೋಗುವಾಗ ಟವೆಲ್ ತೆಗಿ ಅಂತ 'ಟ್ರ್ಯಾಪ್' ಹಾಕಬಹುದು. ಆದರೆ ಕರೆಂಟು ಹೋದಾಗ, ಪ್ರೋಗ್ರಾಮನ್ನು ಇದ್ದಲ್ಲೇ ಸಾಯಿಸುವ 'ಕಿಲ್ ಮೈನಸ್ 9' ಬಿದ್ದಾಗ ಟ್ರ್ಯಾಪಿಗೆ ಉಸಿರಾಡಲೂ ಹೊತ್ತಿರುವುದಿಲ್ಲ. ಓಡುವ ಪ್ರತಿ ಪ್ರೋಗ್ರಾಮಿಗೂ ಸಿಗುವ ಪ್ರೊಸೆಸ್ ನಂಬರನ್ನು ಬೀಗದ ಒಳಗೆ ಬರೆದಿಡಬಹುದು. ಆದರೆ ಮಶಿನ್ನು ಮತ್ತೆ ಶುರುವಾದ ಮೇಲೆ ಅದೇ ನಂಬರು ಬೇರೆ ಯಾರಿಗೋ ಸಿಕ್ಕಿರಬಹುದು.

ಹಾಗಾದರೆ ಸೀಟಿನಲ್ಲಿ ಕೂತುಬಿಡುವುದೇ ವಾಸಿ. ಅದಕ್ಕೇ 'ಎಫ್‌ಲಾಕ್' ಇರುವುದು. ಇದರ ಮೂಲ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್. ಸ್ಕ್ರಿಪ್ಟು ಒಂದು ಫೈಲು ತೆರೆದು ಹಿಡಿದುಕೊಳ್ಳುತ್ತದೆ, ಬೀಗದ ಲೆಕ್ಕವನ್ನು ಕರ್ನಲ್ ಇಟ್ಟುಕೊಳ್ಳುತ್ತದೆ. ಸ್ಕ್ರಿಪ್ಟು ಹೇಗೇ ಸಾಯಲಿ, ಹಿಡಿತ ಬಿಟ್ಟಿತು, ಬೀಗ ಹೋಯಿತು. ಫೈಲು ಡಿಸ್ಕಿನಲ್ಲಿ ಉಳಿಯುತ್ತದೆ, ಆದರೆ ಬೀಗ ಆ ಫೈಲಲ್ಲ.

ಇಲ್ಲೇ ನಾನು ಜಾಸ್ತಿ ಬುದ್ಧಿವಂತಿಕೆ ತೋರಿಸಿದೆ. ಕೆಲಸ ಮುಗಿದ ಮೇಲೆ ಆ ಫೈಲು ಯಾಕೆ ಅಂತ ಅಳಿಸುವ ಸಾಲು ಸೇರಿಸಿದೆ. ತಪ್ಪು! ಬಾಗಿಲಲ್ಲಿ ಕಾಯುತ್ತಿದ್ದ ಎರಡನೆಯವನು ಹಳೇ ಫೈಲನ್ನು ತೆರೆದಿರುತ್ತಾನೆ, ಬೀಗ ಅವನಿಗೆ ಸಿಗುತ್ತದೆ. ಅಷ್ಟರಲ್ಲಿ ಮೂರನೆಯವನು ಬರುತ್ತಾನೆ. ಫೈಲಿಲ್ಲ, ಅದೇ ಹೆಸರಿನ ಹೊಸದನ್ನು ಮಾಡಿ ಅದಕ್ಕೆ ಬೀಗ ಹಾಕುತ್ತಾನೆ. ಇಬ್ಬರ ಕೈಯಲ್ಲೂ ಚೆಂಡು! ಸೊನ್ನೆ ಬೈಟಿನ ಫೈಲು ಯಾರ ಊಟವನ್ನೂ ತಿನ್ನುವುದಿಲ್ಲ, ಇರಲಿ ಬಿಡಿ. ಇನ್ನೊಂದು ಮಾತು, ಎಫ್‌ಲಾಕ್ ಕೇಳಿಕೊಂಡು ಬರುವವರನ್ನು ಮಾತ್ರ ತಡೆಯುತ್ತದೆ. ಕೇಳದೆ ಬಂದು ಫೋಟೋ ತೆರೆಯುವವರನ್ನು ಏನೂ ಮಾಡುವುದಿಲ್ಲ.

ಈಗ ಗೆಳೆಯ ಹೊಸ ಮಶಿನ್ನು ತಂದಿದ್ದಾನೆ. ನಾಲ್ಕು ಸ್ಕ್ರಿಪ್ಟು ಒಟ್ಟಿಗೆ ಓಡಬೇಕಂತೆ. ಒಂದೇ ಬೀಗವಾದರೆ ಮೂವರು ಸುಮ್ನೆ ಕೂರಬೇಕು. ಅದಕ್ಕೆ ಪ್ರತಿ ಸ್ಕ್ರಿಪ್ಟಿಗೂ ಒಂದೊಂದು ಫೋಲ್ಡರ್ ಕೊಟ್ಟೆ. ಫೋಟೋ ಮುಟ್ಟುವ ಮೊದಲು 'ಎಂವಿ' ಮಾಡಿ, ಅಂದರೆ ಅಲ್ಲಿಂದ ಎತ್ತಿ, ತನ್ನ ಬುಟ್ಟಿಗೆ ಹಾಕಿಕೊಳ್ಳಬೇಕು. ಇಬ್ಬರು ಒಂದೇ ಫೋಟೋಕ್ಕೆ ಕೈಹಾಕಿದರೆ ಒಬ್ಬನಿಗೆ ಮೀನು, ಇನ್ನೊಬ್ಬನಿಗೆ 'ಅಂಥ ಫೈಲೇ ಇಲ್ಲ' ಅನ್ನುವ ಉತ್ತರ. ಅವನು ಮುಂದಿನದಕ್ಕೆ ಹೋಗುತ್ತಾನೆ. ಆದರೆ ಬುಟ್ಟಿಗಳೆಲ್ಲ ಫೋಟೋ ಇರುವ ಅದೇ ಡಿಸ್ಕಿನ ಅದೇ ಫೈಲ್ ಸಿಸ್ಟಮ್ಮಿನಲ್ಲಿ ಇರಬೇಕು. ಪೆನ್‌ಡ್ರೈವಿನಿಂದ ಹಾರ್ಡ್‌ಡಿಸ್ಕಿಗೆ 'ಎಂವಿ' ಅಂದರೆ ಅದು ಹೆಸರು ಬದಲಿಸುವುದಲ್ಲ, ನಕಲು ಮಾಡಿ ಆಮೇಲೆ ಅಳಿಸುವುದು. ಆಗ ಮತ್ತೆ ಅದೇ ನಾಲ್ಕು ಹೆಜ್ಜೆ.