ಮದ್ದು ತಗುಲಿದ ಆನೆಗೆ ಮರೆವು ಬರುತ್ತದೆಯೇ?

ಕೊಡಗಿನ ಸಿದ್ದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ಕಾಡಾನೆ ಹಿಡಿಯುವಾಗಲೆಲ್ಲ ಲೈನ್‌ಮನೆಗಳ ಮುಂದೆ ಒಂದು ಮಾತು ಹುಟ್ಟುತ್ತದೆ: ಮದ್ದು ಹೊಡೆದರೆ ಆನೆಗೆ ಹಳೆಯದೆಲ್ಲ ಮರೆತುಹೋಗುತ್ತದೆ. ಬೆನ್ನಿಗೇ ಇನ್ನೊಂದು: ಹಾಗಾದರೆ ದೂರದ ಕಾಡಿಗೆ ಬಿಟ್ಟ ಆನೆ ಅದೇ ಹಲಸಿನ ಮರ ಹುಡುಕಿಕೊಂಡು ಬರುವುದು ಹೇಗೆ?

ಗೋಜಲು ಇರುವುದು ‘ಮದ್ದು’ ಎಂಬ ಪದದಲ್ಲೇ. ಕಾಡಾನೆಗಳನ್ನು ಬೇಲಿಯೊಳಕ್ಕೆ ಅಟ್ಟಿ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಮುಗಿದು, ಬಂದೂಕಿನಿಂದ ಹಾರಿಸುವ ಅರಿವಳಿಕೆಯ ಕಾಲ ಬಂತು. ಜಗತ್ತಿನ ಅನೇಕ ಕಡೆ ಆನೆಗೆ ಬಳಸುವ ಎಟಾರ್ಫಿನ್ ಅಫೀಮಿನ ಕುಲದ್ದು. ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಮಿಗಿಲಾದ ಬಿರುಸು. ಆನೆಗೆ ಕೆಲವೇ ಮಿಲಿಗ್ರಾಂ ಸಾಕು, ವೈದ್ಯರ ಬೆರಳಿಗೆ ಚುಚ್ಚಿಕೊಂಡರೆ ಅವರ ಜೀವಕ್ಕೇ ಕುತ್ತು. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಝೈಲಜಿನ್ ಮತ್ತು ಕೆಟಮಿನ್ ಮಿಶ್ರಣ. ಅದಕ್ಕೂ ಅಫೀಮಿಗೂ ನಂಟಿಲ್ಲ. ಆನೆ ನಿಂತಲ್ಲೇ ತೂಕಡಿಸುತ್ತದೆ, ಸಾಕಾನೆಗಳು ತಳ್ಳಿ ಲಾರಿ ಹತ್ತಿಸುತ್ತವೆ. ಊರ ಮಾತಿನಲ್ಲಿ ಎರಡೂ ಒಂದೇ ಮದ್ದು.

ಅಫೀಮಿನ ಕುಲದ ಮದ್ದಿಗೂ ಮರೆವಿಗೂ ನಂಟು ಕಂಡದ್ದು ಪ್ರಯೋಗಾಲಯದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅಫೀಮಿನಿಂದ ಮಾರ್ಫಿನ್ ಬೇರ್ಪಟ್ಟಿತ್ತು. ಅದು ಮಿದುಳಿನಲ್ಲಿ ಅಂಟುವ ಗ್ರಾಹಕಗಳು ಗೊತ್ತಾದದ್ದು 1973ರಲ್ಲಿ. 1975ರಲ್ಲಿ ವಿಜ್ಞಾನಿಗಳಾದ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಲಿನ್ ತೆಗೆದರು. ಮಿದುಳು ತನ್ನ ಅಫೀಮನ್ನು ತಾನೇ ಮಾಡಿಕೊಳ್ಳುತ್ತದೆ ಎಂದಾಯಿತು.

ಆಮೇಲಿನ ಪ್ರಯೋಗಗಳೇ ನಿಜವಾದ ಸ್ವಾರಸ್ಯ. ಬೆಳಕಿನ ಗೂಡಿನಲ್ಲಿ ಬಿಟ್ಟ ಇಲಿ ತನ್ನ ಸ್ವಭಾವದಂತೆ ಪಕ್ಕದ ಕತ್ತಲೆ ಗೂಡಿಗೆ ನುಗ್ಗುತ್ತದೆ. ಅಲ್ಲಿ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ. ಮರುದಿನ ಹೊಸ್ತಿಲಲ್ಲಿ ಅದು ಎಷ್ಟು ಹೊತ್ತು ಮೀಸೆ ಅಲುಗಿಸುತ್ತ ನಿಲ್ಲುತ್ತದೆಯೋ ಅಷ್ಟು ನೆನಪು ಉಳಿದಿದೆ ಎಂಬ ಲೆಕ್ಕ. ಆಘಾತದ ಬೆನ್ನಿಗೇ ಮಾರ್ಫಿನ್ ಕೊಟ್ಟ ಇಲಿ ಬೇಗ ನುಗ್ಗಿತು. ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಪಡೆದದ್ದು ಹೆಚ್ಚು ಹೊತ್ತು ತಡೆದು ನಿಂತಿತು. ಭಯದ ನೆನಪನ್ನು ಗಟ್ಟಿ ಮಾಡುವ ನಾರಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಿನ ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಒಸರುವುದನ್ನು ಓಪಿಯಾಯ್ಡ್‌ಗಳು, ಅಂದರೆ ಅಫೀಮಿನ ಕುಲದ ಮದ್ದುಗಳು, ತಗ್ಗಿಸುತ್ತವೆ. ಗಂಟೆಗಟ್ಟಲೆ ತಡೆದು ಕೊಟ್ಟರೆ ಮದ್ದಿನ ಆಟ ನಡೆಯಲಿಲ್ಲ: ಹಸಿ ನೆನಪು ಕೆಡುತ್ತದೆ, ಮಾಗಿದ್ದು ಉಳಿಯುತ್ತದೆ. ಪರೀಕ್ಷೆಗೆ ಮುನ್ನ ಮತ್ತೆ ಮಾರ್ಫಿನ್ ಕೊಟ್ಟಾಗ ‘ಮರೆತ’ ಪಾಠ ಮರಳಿದ್ದೂ ಉಂಟು.

ದಿನಗಟ್ಟಲೆ ಮಾರ್ಫಿನ್ ಏರಿಸಿದ ಇಲಿಗಳ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹುಟ್ಟುವುದು ಕುಗ್ಗುತ್ತದೆ ಎಂದು 2000ದಲ್ಲಿ ವರದಿಯಾಯಿತು. ಆದರೆ ಮಾರ್ಫಿನ್ ಪಡೆದ ಇಲಿಗಳು ಮದ್ದು ಸಿಕ್ಕ ಮೂಲೆಯನ್ನು ಮಾತ್ರ ಮರೆಯುವುದಿಲ್ಲ. ಆ ನೆನಪಿನಲ್ಲಿ ಮಿದುಳಿನ ಇನ್ನೊಂದು ರಾಸಾಯನಿಕವಾದ ಡೋಪಮಿನ್‌ನ ಪಾತ್ರ ದೊಡ್ಡದು. ಒಂದು ಚುಚ್ಚುಮದ್ದಿನ ಆನೆಗೆ ಈ ಲೆಕ್ಕವನ್ನು ಹೊಂದಿಸುವುದು ಅತಿಯಾಯಿತು.

ದುಬಾರೆ, ಮತ್ತಿಗೋಡಿನ ಆನೆ ಶಿಬಿರಗಳ ಕ್ರಾಲ್‌ನಲ್ಲಿ, ಅಂದರೆ ಮರದ ದಿಮ್ಮಿಗಳ ದೊಡ್ಡಿಯಲ್ಲಿ, ಆನೆ ಪಳಗುವುದು ವಾರಗಟ್ಟಲೆಯ ಬಂಧನ ಮತ್ತು ಮಾವುತನ ಕೈಯ ಬೆಲ್ಲದಿಂದ. ಸ್ಥಳಾಂತರಿಸಿದವುಗಳ ಕಥೆ ಬೇರೆ. ಶ್ರೀಲಂಕಾದಲ್ಲಿ ಜಾಡು ಹಿಡಿಯುವ ಕಾಲರ್ ತೊಡಿಸಿ ದೂರ ಬಿಟ್ಟ 12 ಗಂಡಾನೆಗಳ ಅಧ್ಯಯನ 2012ರಲ್ಲಿ ಹೊರಬಂತು: ಕೆಲವು ಹಳೆಯ ಜಾಗಕ್ಕೇ ಮರಳಿದವು, ಕೆಲವು ಅಲೆದವು. ಮದ್ದು ಆ ಕೆಲವು ಗಂಟೆಗಳನ್ನು ಮಸುಕಾಗಿಸಿರಬಹುದು. ಹಲಸು ಹಣ್ಣಾಗುವ ತಿಂಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಆನೆಯ ತಲೆಯಲ್ಲಿ ಕೂತಿತ್ತು.