ನಂಬಿಕೆಯವರು ಬರೆದ ಕಥೆ ಯಾವಾಗ ಸಾಹಿತ್ಯವಾಗುತ್ತದೆ? ಮಾರ್ಮನ್ ವಿಮರ್ಶಕರ ಹಳೆಯ ಜಗಳ

ಪ್ರಶ್ನೆ: ಅಮೆರಿಕದ ಮಾರ್ಮನ್ ಸಮುದಾಯಕ್ಕೆ ತನ್ನದೇ ಆದ ಸಾಹಿತ್ಯವೂ ವಿಮರ್ಶೆಯೂ ಇವೆಯೆಂದು ಕೇಳಿದ್ದೇನೆ. ದೃಢ ನಂಬಿಕೆಯುಳ್ಳವರು ನಂಬಿಕೆಯ ಬಗ್ಗೆಯೇ ಬರೆದಾಗ ಅದು ಧರ್ಮಪ್ರಚಾರವಾಗದೆ ಕಥೆಯಾಗಿ ಉಳಿಯುವುದು ಹೇಗೆ? ಅವರ ವಿಮರ್ಶಕರು ಈ ಬಗ್ಗೆ ಏನೆನ್ನುತ್ತಾರೆ?

ಉತ್ತರ: ಅವರಲ್ಲಿ ಒಮ್ಮತವಿಲ್ಲ, ಮತ್ತು ಆ ಭಿನ್ನಮತವೇ ಅವರ ವಿಮರ್ಶೆಯ ಸತ್ವವುಳ್ಳ ಭಾಗ. ಮೇಲ್ನೋಟಕ್ಕೆ ಅದು ಯಾರ ಬರಹ ನಿಜವಾಗಿ ಮಾರ್ಮನ್ ಎನ್ನಿಸಿಕೊಳ್ಳಬೇಕು ಎಂಬ ಧಾರ್ಮಿಕ ತಕರಾರಿನಂತೆ ಕಾಣುತ್ತದೆ. ನನಗೆ ತೋರುವಂತೆ ಅದು ಬಹುಪಾಲು ಕಥನಕೌಶಲಕ್ಕೆ, ಅದರಲ್ಲೂ ಕಥೆಯನ್ನು ಹೇಗೆ ಮುಗಿಸಬೇಕೆಂಬುದಕ್ಕೆ ಸಂಬಂಧಿಸಿದ್ದು.

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಕ್ರೈಸ್ತ ಪಂಥದವರು 1847ರಿಂದ ಯೂಟಾದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಯೂರಿದರು. ಹೊರಗಿನವರು ಬರೆದ ಕಾದಂಬರಿಗಳಲ್ಲಿ ಮಾರ್ಮನ್ ಎಂದರೆ ಹಲವು ಹೆಂಡಿರ ದುಷ್ಟ ಗಂಡ ಎಂಬ ಚಿತ್ರವೇ ಮೆರೆಯುತ್ತಿದ್ದ ಕಾಲದಲ್ಲಿ, 1888ರಲ್ಲಿ, ಆರ್ಸನ್ ವಿಟ್ನಿ ಎಂಬ ಧಾರ್ಮಿಕ ಮುಖಂಡರು ನಮ್ಮಲ್ಲೂ ಮಿಲ್ಟನ್, ಶೇಕ್ಸ್‌ಪಿಯರ್‌ಗಳು ಹುಟ್ಟಲಿದ್ದಾರೆಂದು ಘೋಷಿಸಿ, ಸಮುದಾಯ ತನ್ನ ಸಾಹಿತ್ಯವನ್ನು ತಾನೇ ಕಟ್ಟಿಕೊಳ್ಳಬೇಕೆಂದು ಕರೆಕೊಟ್ಟರು. ಆ ಕರೆಯಿಂದ ಹುಟ್ಟಿದ ಕಥೆಗಳಲ್ಲಿ ಹೆಚ್ಚಿನವು ಯುವಜನರನ್ನು ಸರಿದಾರಿಯಲ್ಲಿ ಇರಿಸಲು ಬರೆದಂಥವು. ಅವನ್ನು ಇಂದು ಇತಿಹಾಸದ ಆಸಕ್ತಿಗಾಗಿ ಓದಬಹುದು, ಅಷ್ಟೆ.

ಆ ಕಥೆಗಳ ಸೊರಗುವಿಕೆಗೆ ಕಾರಣ ಲೇಖಕರ ನಂಬಿಕೆಯಲ್ಲ, ಅವರು ರೂಢಿಸಿಕೊಂಡ ಮಾದರಿ. ಮಾರ್ಮನ್ ಸಭೆಗಳಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಸದಸ್ಯರು ಉಪವಾಸವಿದ್ದು, ಮನಸ್ಸು ಬಂದವರು ಒಬ್ಬೊಬ್ಬರಾಗಿ ಎದ್ದುಬಂದು, ತಮ್ಮ ಬದುಕಿನಲ್ಲಿ ದೇವರ ಕೈವಾಡ ಕಂಡ ಪ್ರಸಂಗವನ್ನು ಹೇಳುತ್ತಾರೆ. ಕಷ್ಟ ಬಂತು, ಪ್ರಾರ್ಥಿಸಿದೆ, ಉತ್ತರ ಸಿಕ್ಕಿತು, ಆದ್ದರಿಂದ ಇದೆಲ್ಲ ಸತ್ಯವೆಂದು ನಾನು ಬಲ್ಲೆ: ಸ್ಥೂಲವಾಗಿ ಇದು ಆ ಮಾತಿನ ಧಾಟಿ. ಎದುರಿಗಿರುವ ನೆರೆಹೊರೆಯವರಿಗೆ ಹೇಳುವವನ ಬದುಕು ಗೊತ್ತಿರುವುದರಿಂದ ಸಭೆಯಲ್ಲಿ ಈ ಮಾತಿಗೆ ತೂಕವಿರುತ್ತದೆ. ಅದೇ ಧಾಟಿ ಕಾಗದದ ಮೇಲೆ ಕಥೆಯ ಚೌಕಟ್ಟಾದಾಗ ಮೊದಲ ಪುಟದಲ್ಲೇ ಕೊನೆಯ ಪುಟ ಕಂಡುಬಿಡುತ್ತದೆ, ಪಾತ್ರದ ಸಂಕಟವೆಲ್ಲ ಉತ್ತರಕ್ಕಾಗಿ ಹೂಡಿದ ಪೀಠಿಕೆಯಾಗಿಬಿಡುತ್ತದೆ.

ಆದರೆ ಇದೇ ರೂಢಿಯಲ್ಲಿ ಯೂಜೀನ್ ಇಂಗ್ಲೆಂಡ್ ಒಂದು ಸಾಧ್ಯತೆಯನ್ನು ಕಂಡರು. ಮಾರ್ಮನ್ ಚಿಂತನೆಗೆಂದೇ 1966ರಲ್ಲಿ ‘ಡೈಲಾಗ್’ ಎಂಬ ಸ್ವತಂತ್ರ ಪತ್ರಿಕೆಯನ್ನು ಆರಂಭಿಸಿದವರಲ್ಲಿ ಅವರೂ ಒಬ್ಬರು. ದಿನಚರಿ ಬರೆಯುವ, ಸ್ವಂತ ಅನುಭವವನ್ನು ಎಲ್ಲರೆದುರು ಪರೀಕ್ಷೆಗೊಡ್ಡುವ ಅಭ್ಯಾಸವಿರುವ ಜನಕ್ಕೆ ವೈಯಕ್ತಿಕ ಪ್ರಬಂಧ ಸಹಜವಾಗಿ ಒಲಿಯುವ ಪ್ರಕಾರವೆಂದು ಅವರು ವಾದಿಸಿದರು, ತಾವೂ ಹಾಗೆಯೇ ಬರೆದರು. ಪ್ರಬಂಧಕಾರ ‘ನಾನು ಬಲ್ಲೆ’ ಎನ್ನುವ ಮೊದಲು ತನಗೆ ಗೊತ್ತಿಲ್ಲದ್ದರ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲ ಎಂಬುದರಲ್ಲಿ ಈ ಪ್ರಕಾರದ ಕಸುಬುಗಾರಿಕೆ ಇದೆ.

ಜಗಳ ನಿಜವಾಗಿ ಕಾವೇರಿದ್ದು 1990ರ ದಶಕದ ಆರಂಭದಲ್ಲಿ, ಇಂಗ್ಲೆಂಡ್ ಮತ್ತು ಡೆನಿಸ್ ಕ್ಲಾರ್ಕ್ ಸಂಪಾದಿಸಿದ ಸಮಕಾಲೀನ ಮಾರ್ಮನ್ ಕವಿತೆಗಳ ಸಂಕಲನವೊಂದರ ನೆಪದಲ್ಲಿ. ರಿಚರ್ಡ್ ಕ್ರಾಕ್ರಾಫ್ಟ್ ಅದನ್ನು ವಿಮರ್ಶಿಸುತ್ತ, ಅದರಲ್ಲಿನ ಅನೇಕ ಕವಿತೆಗಳು ಕುಶಲವಾಗಿದ್ದರೂ ಯಾವ ಲೌಕಿಕ ಕವಿಯಾದರೂ ಬರೆಯಬಹುದಾದಂಥವು, ಅವುಗಳಲ್ಲಿ ದೈವಸಾನ್ನಿಧ್ಯದ ಅರಿವು ಇಲ್ಲ ಎಂದು ಆಕ್ಷೇಪಿಸಿದರು. ಬ್ರೂಸ್ ಜಾರ್ಗೆನ್ಸೆನ್ ಇದನ್ನು ಒಪ್ಪಲಿಲ್ಲ. ಕಥೆ ಹೇಳುವುದೂ ಕೇಳುವುದೂ ಅಪರಿಚಿತನನ್ನು ಮನೆಗೆ ಕರೆದು ಆತಿಥ್ಯ ನೀಡಿದಂತೆ, ಬಾಗಿಲಲ್ಲೇ ಅವನ ಮತಪರೀಕ್ಷೆ ಮಾಡುವುದು ಸಲ್ಲ ಎಂಬುದು ಅವರ ನಿಲುವು. ಇಬ್ಬರೂ ಮಾರ್ಮನ್ ಚರ್ಚೇ ನಡೆಸುವ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ಅಂದರೆ ಇದು ನಂಬಿದವರಿಗೂ ನಂಬದವರಿಗೂ ನಡೆದ ಕಾಳಗವಲ್ಲ. ನನ್ನ ಒಲವು ಜಾರ್ಗೆನ್ಸೆನ್ ಕಡೆಗಿದೆ. ಆದರೂ ಕ್ರಾಕ್ರಾಫ್ಟರ ದೂರನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ, ಏಕೆಂದರೆ ಪ್ರಾರ್ಥನೆಗೆ ಉತ್ತರ ಸಿಗುತ್ತದೆಂದು ನಿಜವಾಗಿ ನಂಬುವ ಜನರ ಬದುಕನ್ನು ಬರೆಯುವಾಗ ಆ ಉತ್ತರಗಳನ್ನೆಲ್ಲ ಮುಜುಗರದಿಂದ ಬದಿಗಿಡುವುದೂ ಒಂದು ಬಗೆಯ ಸುಳ್ಳೇ.

ಈ ಇಕ್ಕಟ್ಟನ್ನು ದಾಟಿದ ಕೃತಿಯೆಂದು ನಾನು ತೋರಿಸುವುದು ಲೀವೈ ಪೀಟರ್ಸನ್ 1986ರಲ್ಲಿ ಪ್ರಕಟಿಸಿದ ‘ದ ಬ್ಯಾಕ್‌ಸ್ಲೈಡರ್’ ಕಾದಂಬರಿಯನ್ನು. ಅದನ್ನು ಹೊರತಂದದ್ದು ಚರ್ಚಿನ ಒಡೆತನದ ಪ್ರಕಾಶನವಲ್ಲ, ಸಾಲ್ಟ್ ಲೇಕ್ ನಗರದ ಸ್ವತಂತ್ರ ಸಂಸ್ಥೆ ಸಿಗ್ನೇಚರ್ ಬುಕ್ಸ್. ಅದರ ನಾಯಕ ಫ್ರಾಂಕ್ ವಿಂಡ್ಯಾಮ್ ದಕ್ಷಿಣ ಯೂಟಾದ ದನಗಾಹಿ. ದೇವರು ಬಂದೂಕಿನ ಗುರಿಯಲ್ಲಿ ತನ್ನನ್ನೇ ನೋಡುತ್ತಿದ್ದಾನೆಂಬ ಭಯದಲ್ಲಿ ಬದುಕುವವನು, ಪಾಪಪರಿಹಾರಕ್ಕೆಂದು ತನ್ನ ಮೈಯನ್ನೂ ಮದುವೆಯ ಸುಖವನ್ನೂ ದಂಡಿಸಿಕೊಳ್ಳುವವನು. ಕೊನೆಗೆ ಅವನಿಗೆ ದರ್ಶನವಾಗುತ್ತದೆ, ಅದೂ ಗಂಡಸರ ಶೌಚಾಲಯದಲ್ಲಿ: ಯೇಸು ದನಗಾಹಿಯ ವೇಷದಲ್ಲಿ ಕುದುರೆಯೇರಿ ಬಂದು, ತಂಬಾಕನ್ನು ನಿಷೇಧಿಸಿರುವ ಪಂಥದ ಈ ಭಕ್ತನೆದುರು ಸಿಗರೇಟು ಸೇದುತ್ತ, ನಿನ್ನನ್ನು ನೀನು ಹಿಂಸಿಸಿಕೊಂಡದ್ದು ಸಾಕೆಂಬ ಅರ್ಥದ ಮಾತಾಡುತ್ತಾನೆ. ಇಲ್ಲಿಯೂ ಕಷ್ಟವಿದೆ, ಪ್ರಾರ್ಥನೆಯಿದೆ, ಉತ್ತರವೂ ಸಿಗುತ್ತದೆ. ಆದರೆ ಆ ಉತ್ತರ ಬರುವ ಜಾಗ, ಬರುವ ವೇಷ ಎರಡೂ ಫ್ರಾಂಕನಿಗೂ ಓದುಗನಿಗೂ ಎಣಿಕೆಗೆ ಮೀರಿದವು, ಮತ್ತು ಆ ದೃಶ್ಯಕ್ಕೆ ಬರುವ ಹೊತ್ತಿಗೆ ಅವನ ತಮ್ಮ ಅದೇ ಪಾಪಭೀತಿಗೆ ತನ್ನ ಅಂಗವನ್ನೇ ಬಲಿಕೊಟ್ಟಿರುತ್ತಾನೆ. ಹೀಗಾಗಿ ಕೃಪೆ ಅಗ್ಗವಾಗಿ ಸಿಕ್ಕಿತೆಂದು ಅನ್ನಿಸುವುದಿಲ್ಲ.

ಇದಕ್ಕೆ ಸರಿಹೊಂದುವ ವಿಮರ್ಶೆಯ ಉಪಕರಣವನ್ನು ಕೊಟ್ಟವರೂ ಯೂಟಾದ ಮಾರ್ಮನ್ ಮನೆತನದವರೇ: ಅಮೆರಿಕನ್ ಫೋರ್ಕ್ ಊರಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ವೇಯ್ನ್ ಬೂತ್. ಲೇಖಕ ತನ್ನ ಕೃತಿಯಿಂದ ಪೂರ್ತಿ ಮರೆಯಾಗಬೇಕೆಂಬುದು ಪ್ರತಿಷ್ಠಿತ ಮತವಾಗಿದ್ದಾಗ, ಯಾವ ಲೇಖಕನೂ ಹಾಗೆ ಮರೆಯಾಗಲಾರ, ಪ್ರತಿ ಕೃತಿಯಲ್ಲೂ ಮೌಲ್ಯಗಳಿರುವ ಒಬ್ಬ ಗ್ರಹೀತ ಲೇಖಕ, ಅಂದರೆ ಓದುತ್ತ ಹೋದಂತೆ ಓದುಗನ ಮನಸ್ಸಿನಲ್ಲಿ ಮೂಡುವ ಲೇಖಕ, ಇರುತ್ತಾನೆ ಎಂದು 1961ರಲ್ಲಿ ಅವರು ತೋರಿಸಿದರು. ಆ ದೃಷ್ಟಿಯಿಂದ ನಿಮ್ಮ ಪ್ರಶ್ನೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ: ಲೇಖಕನಿಗೆ ನಂಬಿಕೆಯಿದೆಯೇ ಎಂಬುದಕ್ಕಿಂತ, ಕೃತಿಯೊಳಗಿನ ಆ ಲೇಖಕ ತನ್ನನ್ನು ಒಪ್ಪದ ಪಾತ್ರಗಳಿಗೂ ಪೂರ್ತಿ ಮಾತಾಡಲು ಬಿಟ್ಟಿದ್ದಾನೆಯೇ ಎಂದು ನೋಡಬೇಕು. ಪೀಟರ್ಸನ್ ಅವರ ಕಾದಂಬರಿಯಲ್ಲಿ ಫ್ರಾಂಕನ ಹೆಂಡತಿ ಮೇರಿಯಾನ್ ಲೂಥರನ್ ಎಂಬ ಬೇರೊಂದು ಕ್ರೈಸ್ತ ಪಂಥದವಳು, ಮತ್ತು ಗಂಡನ ಕಠೋರ ವ್ರತಗಳ ಬಗ್ಗೆ ಅವಳ ಬದುಕು ಒಡ್ಡುವ ಆಕ್ಷೇಪಕ್ಕೆ ಆ ದರ್ಶನದ ಯೇಸುವಿನ ಬೆಂಬಲವೂ ಸಿಗುತ್ತದೆ.